ಇಂಜೆಕ್ಷನ್ ಬ್ಯಾಗಿನಲ್ಲೇ ಇತ್ತು, ನಾನು ಕೊಡಲಿಲ್ಲ

ಅಡ್ರಿನಲ್ ಗ್ರಂಥಿ ಕೆಲಸ ಮಾಡದ ಮಕ್ಕಳನ್ನು ಸಾಕುತ್ತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಗಣೇಶನ ಹಬ್ಬಕ್ಕೆ ತೀರ್ಥಹಳ್ಳಿ ಕಡೆಯ ನನ್ನ ತವರಿಗೆ ಹೋದಾಗ ನಡೆದದ್ದು.

ನನ್ನ ಮಗನಿಗೆ ಮೂರೂವರೆ ವರ್ಷ. ಹುಟ್ಟಿದಾಗ ಏನೂ ಗೊತ್ತಾಗಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕುಡಿದ ಹಾಲೆಲ್ಲ ಕಕ್ಕತೊಡಗಿದ, ತೂಕ ಇಳಿಯಿತು. ಐಸಿಯು ಸೇರಿದ ಮೇಲೆ ಸಿಎಎಚ್ ಎಂದು ತಿಳಿಯಿತು: ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ, ಅಂದರೆ ಅಡ್ರಿನಲ್ ಗ್ರಂಥಿ ಹುಟ್ಟಿನಿಂದಲೇ ಬೇಕಾದಷ್ಟು ಹಾರ್ಮೋನ್ ಮಾಡದ ಕಾಯಿಲೆ, ಅದರಲ್ಲೂ ಮೈಯಲ್ಲಿ ಉಪ್ಪು ನಿಲ್ಲದ ಬಗೆ. ಅಂದಿನಿಂದ ದಿನಕ್ಕೆ ಮೂರು ಹೊತ್ತು ಆ ಗ್ರಂಥಿಯ ಕಾರ್ಟಿಸೋಲ್ ಹಾರ್ಮೋನಿನ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ, ಜೊತೆಗೆ ಮೈಯಲ್ಲಿ ಉಪ್ಪು ನಿಲ್ಲಲು ಫ್ಲುಡ್ರೋಕಾರ್ಟಿಸೋನ್. ಮಾತ್ರೆ ತಪ್ಪಿಸದಿದ್ದರೆ ಎಲ್ಲ ಮಕ್ಕಳಂತೆ ಓಡಾಡಿಕೊಂಡಿರುತ್ತಾನೆ. ಉಪ್ಪಿನಕಾಯಿ ಭರಣಿ ಮಾತ್ರ ಅವನ ಕೈಗೆ ಸಿಗುವಂತಿಲ್ಲ, ಬರೀ ಉಪ್ಪಿನ ರಸವನ್ನೇ ನೆಕ್ಕುತ್ತಾನೆ.

ಆರೋಗ್ಯವಂತರಿಗೆ ಜ್ವರ ಬಂದರೆ ದೇಹ ತಾನಾಗಿಯೇ ಕಾರ್ಟಿಸೋಲ್ ಹೆಚ್ಚು ಮಾಡಿಕೊಳ್ಳುತ್ತದೆ. ಇವನಿಗೆ ಅದು ಆಗುವುದಿಲ್ಲ, ನಾವೇ ಕೊಡಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೈಡ್ರೋಕಾರ್ಟಿಸೋನ್ ಎರಡರಷ್ಟು, 39 ದಾಟಿದರೆ ಮೂರರಷ್ಟು. ಮಾತ್ರೆ ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಅಷ್ಟೇ ಕೊಡುವುದು. ಅದೂ ಹೊರಗೆ ಬಂದರೆ ತೊಡೆಗೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು ನೇರ ಆಸ್ಪತ್ರೆಗೆ. ನಮ್ಮ ಡಾಕ್ಟರು ಇದನ್ನು ಬರೆದೇ ಕೊಟ್ಟಿದ್ದರು. ನನಗೆ ಬಾಯಿಪಾಠವಾಗಿತ್ತು.

ಹಬ್ಬದ ಮರುದಿನ ಸಂಜೆ ಭೇದಿ ಶುರುವಾಯಿತು. ರಾತ್ರಿ ಒಂಬತ್ತಕ್ಕೆ ಮೂರರಷ್ಟು ಡೋಸ್ ಕೊಟ್ಟೆ, ಹತ್ತೇ ನಿಮಿಷಕ್ಕೆ ವಾಂತಿ. ಮತ್ತೆ ಕೊಟ್ಟೆ, ಮತ್ತೆ ವಾಂತಿ. ಆ ಕ್ಷಣಕ್ಕೆ ಚುಚ್ಚಬೇಕಿತ್ತು. ಔಷಧದ ಪುಡಿಯ ವೈಯಲ್, ಸಿರಿಂಜ್, ಅದನ್ನು ಕಲಸುವ ಸ್ಟೆರೈಲ್ ವಾಟರ್ ಮೂರೂ ನನ್ನ ಬ್ಯಾಗಿನಲ್ಲಿದ್ದವು. ಆದರೆ ಮೂರು ವರ್ಷದಲ್ಲಿ ಒಂದು ಸಲವೂ ನಾನು ಕೈಯಾರೆ ಸಿರಿಂಜ್ ತುಂಬಿ ನೋಡಿರಲಿಲ್ಲ. ಕೈ ನಡುಗಿತು. ಅಮ್ಮ ದೃಷ್ಟಿ ತೆಗೆದರು. ಆಮೇಲೆ ಮಗು ಕಣ್ಣು ಮುಚ್ಚಿದ. "ಸುಸ್ತಾಗಿ ಮಲಗಿದಾನೆ ಮಾರಾಯ್ತಿ, ಎಬ್ಬಿಸಬೇಡ, ಬೆಳಿಗ್ಗೆ ನೋಡಿದರಾಯ್ತು" ಅಂದರು. ನನಗೂ ಆ ಮಾತು ಬೇಕಾಗಿತ್ತು. ನಾನೂ ಪಕ್ಕದಲ್ಲೇ ಮಲಗಿದೆ.

ಅದು ನಿದ್ದೆಯಾಗಿರಲಿಲ್ಲ. ನಾಲ್ಕು ಗಂಟೆಗೆ ಮುಟ್ಟಿದರೆ ಕೈಕಾಲು ತಣ್ಣಗೆ, ಕಣ್ಣು ಗುಳಿಬಿದ್ದಿತ್ತು, ಕೂಗಿದರೆ ಓಗೊಡಲಿಲ್ಲ. ಮಳೆಯಲ್ಲಿ ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಒಂದು ನರ್ಸಿಂಗ್ ಹೋಮ್ ಸೇರಿದೆವು. ಅಲ್ಲಿದ್ದ ಡ್ಯೂಟಿ ಡಾಕ್ಟರು ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು ಡ್ರಿಪ್ಸ್ ಹಾಕಿದರು. ಹೈಡ್ರೋಕಾರ್ಟಿಸೋನ್ ಕೊಡಿ ಎಂದು ಬೇಡಿಕೊಂಡರೆ, "ಇನ್‌ಫೆಕ್ಷನ್ ಇರೋವಾಗ ಸ್ಟಿರಾಯ್ಡ್ ಕೊಡೋಕಾಗಲ್ಲಮ್ಮ, ಫೈಲ್ ಎಲ್ಲಿ?" ಅಂದರು. ಫೈಲ್ ಬೆಂಗಳೂರಿನಲ್ಲಿತ್ತು. ಡಾಕ್ಟರ ಪತ್ರದ ಫೋಟೋ ಕೂಡ ಮೊಬೈಲಿನಲ್ಲಿರಲಿಲ್ಲ. ಬೆಂಗಳೂರಿನ ನಮ್ಮ ಡಾಕ್ಟರು ಫೋನಿಗೆ ಸಿಕ್ಕಿ ಇವರ ಜೊತೆ ಮಾತಾಡುವವರೆಗೆ ಇನ್ನೂ ಐವತ್ತು ನಿಮಿಷ ಹೋಯಿತು. ಅಷ್ಟರಲ್ಲಿ ನೋಡಿದ ಶುಗರ್ 41, ತೀರಾ ಕಡಿಮೆ. ಆಮೇಲೆ ಬಂದ ರಿಪೋರ್ಟಿನಲ್ಲಿ ಸೋಡಿಯಂ 122ಕ್ಕೆ ಇಳಿದಿತ್ತು, ಪೊಟ್ಯಾಷಿಯಂ 6.3ಕ್ಕೆ ಏರಿತ್ತು. ಅಡ್ರಿನಲ್ ಕ್ರೈಸಿಸ್ ಅಂದರೆ ಇದೇ. ಪೊಟ್ಯಾಷಿಯಂ ಹಾಗೇ ಏರುತ್ತಾ ಹೋದರೆ ಹೃದಯವೇ ನಿಲ್ಲಬಹುದು.

ಹೈಡ್ರೋಕಾರ್ಟಿಸೋನ್ ಕೊಟ್ಟು, ಗ್ಲೂಕೋಸ್ ಮತ್ತು ಸಲೈನ್ ಏರಿಸಿದ ಮೇಲೆ ಬೆಳಿಗ್ಗೆ ಎಂಟರ ಹೊತ್ತಿಗೆ ಕಣ್ಣು ಬಿಟ್ಟು "ನೀರು" ಅಂದ.

ಆ ಡಾಕ್ಟರ ಮೇಲೆ ನನಗೆ ಸಿಟ್ಟಿದೆ. ಈ ಮಕ್ಕಳಿಗೆ ಹೈಡ್ರೋಕಾರ್ಟಿಸೋನ್ ಎಂದರೆ ಅವರ ದೇಹದಲ್ಲಿ ಇರಬೇಕಾದದ್ದನ್ನೇ ತುಂಬಿಕೊಡುವುದು, ಸೋಂಕಿದ್ದಾಗ ಅದು ಇನ್ನೂ ಹೆಚ್ಚು ಬೇಕು. ಆದರೆ ಅವರು ಕಳೆದದ್ದು ಐವತ್ತು ನಿಮಿಷ, ನಾನು ಕಳೆದದ್ದು ಇಡೀ ರಾತ್ರಿ.

ಬೆಂಗಳೂರಿಗೆ ಬಂದ ಮೇಲೆ ನರ್ಸ್ ಒಬ್ಬರು ನನಗೂ ಗಂಡನಿಗೂ ಕಲಿಸಿದರು. ಅವಧಿ ಮುಗಿದ ವೈಯಲ್‌ಗಳಲ್ಲಿ ಕಲಸಿ, ಮೂಸಂಬಿಗೆ ಚುಚ್ಚಿ ಅಭ್ಯಾಸ ಮಾಡಿದೆವು. 100 ಮಿಲಿಗ್ರಾಂ ಪುಡಿಗೆ 2 ಎಂಎಲ್ ನೀರು, ಅದರಲ್ಲಿ 1 ಎಂಎಲ್ ನಮ್ಮವನಿಗೆ. ನಿಮ್ಮ ಮಗುವಿನ ಅಳತೆ ಬೇರೆಯಿರುತ್ತದೆ, ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ. ಬೇಕಿಲ್ಲದಿದ್ದರೂ ಒಂದು ಸಲ ಕೊಟ್ಟರೆ ಅಪಾಯವಿಲ್ಲ, ಬೇಕಿದ್ದಾಗ ಕೊಡದಿದ್ದರೆ ಜೀವಕ್ಕೇ ಕುತ್ತು ಎಂದು ನಮ್ಮ ಡಾಕ್ಟರು ಎರಡೆರಡು ಸಲ ಹೇಳಿದರು. ಕೊಟ್ಟ ಮೇಲೆ ಮಗು ಗೆಲುವಾದರೂ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಬೇಡಿ. ವಾಂತಿ ಭೇದಿಗೆ ಓಆರ್‌ಎಸ್ ಒಂದನ್ನೇ ನಂಬಿ ಕೂರಬೇಡಿ.

ಊರಿಗೆ ಹೋಗುವಾಗ ಡಾಕ್ಟರ ಪತ್ರದ ಮೂಲ ಬ್ಯಾಗಿನಲ್ಲಿರಲಿ, ಫೋಟೋ ಇಬ್ಬರ ಮೊಬೈಲಿನಲ್ಲೂ ಇರಲಿ. "ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ ಇಂಜೆಕ್ಷನ್ ತಕ್ಷಣ ಕೊಡಬೇಕು" ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿ. ಅಜ್ಜಿ ಮನೆಯಲ್ಲೂ ಒಂದು ಸೆಟ್ ಇಡಿ. ನಮ್ಮಮ್ಮ ಈಗ ಅದನ್ನು ದೇವರ ಮನೆಯ ಗೂಡಿನಲ್ಲಿಟ್ಟಿದ್ದಾರೆ, ಪೆಟ್ಟಿಗೆಯ ಮೇಲೆ ಅವಧಿ ಮುಗಿಯುವ ತಿಂಗಳನ್ನು ದೊಡ್ಡದಾಗಿ ಬರೆದು.