ಜಾಹೀರಾತಿಗೆ ತಕ್ಕಂತೆ ರೆಸ್ಯೂಮೆ ತಿದ್ದಲು ಗೂಗಲ್ ಡಾಕ್ಸ್ ಸಾಕೇ?

ಸಾಕು. ತಿಂಗಳುಗಟ್ಟಲೆ ಅರ್ಜಿ ಹಾಕಿಯೂ ಒಂದು ಫೋನ್ ಬಾರದವರ ಮುಂದೆ ದುಡ್ಡು ಕೇಳುವ ಸಾಧನಗಳಿಗೇನೂ ಬರವಿಲ್ಲ. ಶೇಕಡಾವಾರು ಅಂಕ ಕೊಡುವ ಸೈಟುಗಳು, ಬಣ್ಣಬಣ್ಣದ ಟೆಂಪ್ಲೇಟುಗಳು, ರೆಸ್ಯೂಮೆ ಬರೆದುಕೊಡುವ ಪ್ಯಾಕೇಜುಗಳು ಎಲ್ಲವೂ ಇವೆ. ಆದರೆ ಒಂದು ಜಾಹೀರಾತು ನೋಡಿಕೊಂಡು ರೆಸ್ಯೂಮೆ ತಿದ್ದುವ ಕೆಲಸಕ್ಕೆ ಬೇಕಾದದ್ದು ಇಷ್ಟೇ: ನಕಲು ಸುಲಭವಾಗಿ ತೆಗೆಯಬೇಕು, ಹಳೆಯದು ಕಳೆದುಹೋಗಬಾರದು, ಎರಡು ಪ್ರತಿಗಳ ವ್ಯತ್ಯಾಸ ಕಣ್ಣಿಗೆ ಕಾಣಬೇಕು, ಕೊನೆಗೆ ಹೊರಬಂದ ಫೈಲು ಯಂತ್ರಕ್ಕೂ ಮನುಷ್ಯರಿಗೂ ಓದಲು ಬರಬೇಕು. ಗೂಗಲ್ ಡಾಕ್ಸ್ ಈ ನಾಲ್ಕನ್ನೂ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಅದು ಎಡವುವ ಜಾಗಗಳೂ ಇವೆ, ಮೊದಲನೆಯದು ಅದರ ಟೆಂಪ್ಲೇಟ್ ಗ್ಯಾಲರಿ.

ಗ್ಯಾಲರಿಯಲ್ಲಿ ಸ್ವಿಸ್, ಸೆರಿಫ್, ಕೋರಲ್, ಸ್ಪಿಯರ್‌ಮಿಂಟ್, ಮಾಡರ್ನ್ ರೈಟರ್ ಎಂಬ ಹೆಸರಿನ ರೆಸ್ಯೂಮೆಗಳು ಸಿಗುತ್ತವೆ. ಸೆರಿಫ್ ನೋಡಲು ಚೆಂದ, ಆದರೆ ಎಡಕ್ಕೆ ಅನುಭವ, ಬಲಕ್ಕೆ ಕೌಶಲ ಎಂದು ಟೇಬಲ್ ಹಾಕಿ ಎರಡು ಕಾಲಮ್ ಮಾಡಿದ್ದಾರೆ. ಕಂಪನಿಗಳು ಅರ್ಜಿ ಸೋಸಲು ಇಟ್ಟುಕೊಂಡಿರುವ ಎಟಿಎಸ್ ತಂತ್ರಾಂಶಗಳಲ್ಲಿ ಎಲ್ಲವೂ ಟೇಬಲನ್ನು ಒಂದೇ ರೀತಿ ಓದುವುದಿಲ್ಲ. ಕೆಲವು ಎಡ ಬಲ ಸಾಲುಗಳನ್ನು ಕಲಸಿ ಓದಿ, ಕಂಪನಿಯ ಹೆಸರಿನ ಪಕ್ಕಕ್ಕೆ ಎಕ್ಸೆಲ್ಲನ್ನು ತಂದು ಕೂರಿಸುತ್ತವೆ. ಟೆಂಪ್ಲೇಟ್ ಬೇಕೇ ಬೇಕು ಎನ್ನುವವರು ಒಂದೇ ಕಾಲಮ್ಮಿನ ಸ್ಪಿಯರ್‌ಮಿಂಟ್ ತೆಗೆದುಕೊಳ್ಳಿ. ಅದಕ್ಕಿಂತಲೂ ಒಳ್ಳೆಯದು ಖಾಲಿ ಹಾಳೆ. ಪೇಜ್ ಸೆಟಪ್‌ಗೆ ಹೋಗಿ ಕಾಗದದ ಅಳತೆ ನೋಡಿ. ಖಾತೆಯ ಸೆಟ್ಟಿಂಗಿನಿಂದಾಗಿ ಅದು ಲೆಟರ್ ಆಗಿದ್ದರೆ ಎ4 ಮಾಡಿ. ಅಂಚು ನಾಲ್ಕೂ ಕಡೆ 2 ಸೆಂ.ಮೀ., ಅಕ್ಷರ ಏರಿಯಲ್, ಒಳಪಠ್ಯ 10.5 ಅಥವಾ 11, ತಲೆಬರಹ 13. ಹೆಸರು, ಫೋನ್, ಇಮೇಲ್‌ಗಳನ್ನು ಹೆಡರ್ ಜಾಗದಲ್ಲಿ ತುರುಕಬೇಡಿ, ಪುಟದ ಮೊದಲ ಸಾಲಾಗಿಯೇ ಬರೆಯಿರಿ. ಹೆಡರ್, ಫುಟರ್‌ಗಳನ್ನು ಓದದೆ ಬಿಡುವ ತಂತ್ರಾಂಶಗಳಿವೆ. ಹಾಗಾದಾಗ ಅರ್ಜಿ ತಲುಪುತ್ತದೆ, ಅರ್ಜಿದಾರರ ನಂಬರ್ ತಲುಪುವುದಿಲ್ಲ.

ಕೆಲಸದ ಕ್ರಮ ಹೀಗಿಟ್ಟುಕೊಳ್ಳಿ. ಮೊದಲು ಒಂದು ಮೂಲ ಪ್ರತಿ. ಇದುವರೆಗೆ ಮಾಡಿದ್ದೆಲ್ಲ, ಬಳಸಿದ ಸಾಫ್ಟ್‌ವೇರ್, ಸಂಖ್ಯೆಗಳು, ತರಬೇತಿಗಳು ಎಲ್ಲ ಅದರಲ್ಲಿರಲಿ. ನಾಲ್ಕೈದು ಪುಟ ಆದರೂ ಅಡ್ಡಿಯಿಲ್ಲ, ಇದನ್ನು ಯಾರಿಗೂ ಕಳಿಸುವುದಿಲ್ಲ. ಜಾಹೀರಾತು ಸಿಕ್ಕಾಗ 'ಮೇಕ್ ಎ ಕಾಪಿ' ಒತ್ತಿ ನಕಲು ಮಾಡಿ, ಆ ನಕಲಿನಲ್ಲಿ ಬೇಡದ್ದನ್ನು ಕಳೆಯುತ್ತ ಬನ್ನಿ. ಕೂಡಿಸುವುದಕ್ಕಿಂತ ಕಳೆಯುವುದು ಬೇಗ ಆಗುತ್ತದೆ, ಸುಳ್ಳೂ ನುಸುಳುವುದಿಲ್ಲ. ಜಾಹೀರಾತಿನ ಪೂರ್ತಿ ಪಠ್ಯವನ್ನು ಇನ್ನೊಂದು ಡಾಕ್‌ಗೆ ಅಂಟಿಸಿ ಅದೇ ಫೋಲ್ಡರಿನಲ್ಲಿಡಿ. ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ಪೋರ್ಟಲಿನಿಂದ ಜಾಹೀರಾತು ಮಾಯವಾಗಿರುತ್ತದೆ, ಏನು ಕೇಳಿದ್ದರು ಎಂದು ಆಗ ಹುಡುಕಿದರೆ ಸಿಗುವುದಿಲ್ಲ. ಡಾಕ್ಸ್‌ನಲ್ಲಿ ಈಗ ಟ್ಯಾಬ್ ಸೌಲಭ್ಯ ಬಂದಿದೆಯೆಂದು ಜಾಹೀರಾತನ್ನು ರೆಸ್ಯೂಮೆಯದೇ ಇನ್ನೊಂದು ಟ್ಯಾಬಿನಲ್ಲಿ ಇಡಬೇಡಿ. ಡೌನ್‌ಲೋಡ್ ಮಾಡುವಾಗ ಕೈತಪ್ಪಿದರೆ ಅದೂ ಜೊತೆಗೆ ಹೊರಟುಬಿಡುತ್ತದೆ.

ಒಂದು ಮಾದರಿ ತೆಗೆದುಕೊಳ್ಳೋಣ. ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸದ ಜಾಹೀರಾತು ಕೇಳುವುದು: ಟ್ಯಾಲಿ ಪ್ರೈಮ್ ಎಂಬ ಲೆಕ್ಕಪತ್ರದ ತಂತ್ರಾಂಶ, ಜಿಎಸ್‌ಟಿಆರ್-1 ಮತ್ತು 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳ ಫೈಲಿಂಗ್, 2ಬಿ (ಪೂರೈಕೆದಾರರ ಬಿಲ್ಲುಗಳಿಂದ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿ) ತಾಳೆ, ಬ್ಯಾಂಕ್ ರೀಕನ್ಸಿಲಿಯೇಶನ್, ಟಿಡಿಎಸ್, ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್, ಕನ್ನಡ ಮಾತು ಕಡ್ಡಾಯ. ಅರ್ಜಿದಾರರ ರೆಸ್ಯೂಮೆ ಹೇಳುವುದು: 'ಟ್ಯಾಲಿ ಇಆರ್‌ಪಿ 9 ಬರುತ್ತದೆ, ಜಿಎಸ್‌ಟಿ ಕೆಲಸ ಎಲ್ಲವನ್ನೂ ನಿಭಾಯಿಸಿದ್ದೇನೆ, ಎಂಎಸ್ ಆಫೀಸ್ ಗೊತ್ತು.' ಕೆಲಸ ಗೊತ್ತಿರುವ ವ್ಯಕ್ತಿಯೇ ಇರಬಹುದು, ಆದರೆ ಜಾಹೀರಾತಿನ ಒಂದು ಪದವೂ ಇಲ್ಲಿ ನೆಟ್ಟಗೆ ಕೂತಿಲ್ಲ. ಜಾಹೀರಾತಿನ ಪಠ್ಯದಲ್ಲಿ ಕಡ್ಡಾಯವಾದವಕ್ಕೆ ಹಳದಿ, ಇದ್ದರೆ ಒಳ್ಳೆಯದು ಎಂದಿರುವವಕ್ಕೆ ಹಸಿರು ಹೈಲೈಟ್ ಹಾಕಿ. ಸಾಮಾನ್ಯವಾಗಿ ಎಂಟು ಹತ್ತು ಪದ ಹಳದಿಯಾಗುತ್ತವೆ. ಎರಡು ಸಲ ಬಂದ ಪದವೇ ಆ ಮ್ಯಾನೇಜರಿಗೆ ನಿಜವಾಗಿ ಬೇಕಾದದ್ದು.

ಆಮೇಲೆ ಮುಟ್ಟಬೇಕಾದದ್ದು ನಾಲ್ಕೇ ಜಾಗ: ಹೆಸರಿನ ಕೆಳಗಿನ ಹುದ್ದೆಯ ಸಾಲು, ಮೂರು ಸಾಲಿನ ಪರಿಚಯ, ಕೌಶಲಗಳ ಪಟ್ಟಿ, ಮತ್ತು ಇತ್ತೀಚಿನ ಕೆಲಸದ ಕೆಳಗಿರುವ ಐದಾರು ಅಂಶಗಳ ಕ್ರಮ. ಓದು, ಹಳೆಯ ಕೆಲಸಗಳು ಹಾಗೇ ಇರಲಿ. 'ಜಿಎಸ್‌ಟಿ ಕೆಲಸ' ಎಂಬುದು 'ಪ್ರತಿ ತಿಂಗಳು ಸುಮಾರು 300 ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ತಪ್ಪಿಹೋದ ಇನ್‌ಪುಟ್ ಕ್ರೆಡಿಟ್‌ಗೆ ಪೂರೈಕೆದಾರರ ಬೆನ್ನುಹತ್ತಿ, 20ರೊಳಗೆ 3ಬಿ ಸಲ್ಲಿಕೆ' ಎಂದಾಗಲಿ. 2ಬಿ ಪ್ರತಿ ತಿಂಗಳ 14ಕ್ಕೆ ತಯಾರಾಗುತ್ತದೆ, ತಿಂಗಳ ಲೆಕ್ಕದವರಿಗೆ 3ಬಿ ಗಡುವು 20. ನಡುವಿನ ಆ ಆರು ದಿನಗಳ ಒತ್ತಡ ಗೊತ್ತಿರುವ ಅಕೌಂಟ್ಸ್ ಮ್ಯಾನೇಜರ್ ಈ ಸಾಲನ್ನು ಓದಿದ ಕೂಡಲೇ ಕೆಲಸ ಮಾಡಿದವರು ಯಾರು, ಕೋರ್ಸ್ ಮಾತ್ರ ಮಾಡಿದವರು ಯಾರು ಎಂದು ಹಿಡಿಯುತ್ತಾರೆ. ಬಿಲ್ಲುಗಳ ಸಂಖ್ಯೆ ಮಾತ್ರ ನಿಮ್ಮದೇ ಆಗಿರಲಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.

ಟ್ಯಾಲಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಟ್ಯಾಲಿ ಪ್ರೈಮ್ ಬಂದದ್ದು 2020ರ ನವೆಂಬರಿನಲ್ಲಿ, ಅದಕ್ಕೂ ಮುಂಚಿನವರ ಕೈ ಇಆರ್‌ಪಿ 9ರಲ್ಲಿ ಪಳಗಿದ್ದು. ಹೆಸರು ಬದಲಿಸಿ ಬರೆದು ಸುಮ್ಮನಾಗುವುದು ಸರಿಯಲ್ಲ, ಮೆನುಗಳ ಜಾಗವೇ ಬೇರೆ. ಟ್ಯಾಲಿ ತಯಾರಿಸುವ ಬೆಂಗಳೂರಿನ ಕಂಪನಿ ಪ್ರೈಮ್ ಅನ್ನು ಎಜುಕೇಷನಲ್ ಮೋಡ್‌ನಲ್ಲಿ ಪುಕ್ಕಟೆ ಬಳಸಲು ಬಿಡುತ್ತದೆ. ತಿಂಗಳ 1, 2 ಮತ್ತು ಕೊನೆಯ ದಿನಾಂಕಗಳಿಗೆ ಮಾತ್ರ ವೋಚರ್ (ವ್ಯವಹಾರದ ನಮೂದು) ಹಾಕಲು ಬರುತ್ತದೆ ಎನ್ನುವುದು ಬಿಟ್ಟರೆ ಅಭ್ಯಾಸಕ್ಕೆ ಧಾರಾಳ. ನಾಲ್ಕು ಸಂಜೆ ಕೂತು ಕಲಿತು, 'ಟ್ಯಾಲಿ ಇಆರ್‌ಪಿ 9 ಮತ್ತು ಟ್ಯಾಲಿ ಪ್ರೈಮ್' ಎಂದು ಎರಡನ್ನೂ ಬರೆಯಿರಿ. ಹಾಗೆಯೇ ಸಂಕ್ಷಿಪ್ತ ಹೆಸರು, ಪೂರ್ತಿ ಹೆಸರು ಎರಡೂ ಒಂದೊಂದು ಸಲ ಬರಲಿ: ಬಿಆರ್‌ಎಸ್ ಎಂದೂ ಬ್ಯಾಂಕ್ ರೀಕನ್ಸಿಲಿಯೇಶನ್ ಎಂದೂ. ಹುಡುಕುವವರು ಯಾವುದನ್ನು ಟೈಪ್ ಮಾಡುತ್ತಾರೋ ಹೇಳಲಾಗದು. ಇನ್ನು ಭಾಷೆ: ಕನ್ನಡವನ್ನು ಕೊನೆಯ ಪುಟದ ಮೂಲೆಯಲ್ಲಿ ಹೂತಿಡುವುದು ನಮ್ಮ ಹಳೆಯ ಚಾಳಿ. ಜಾಹೀರಾತೇ ಕೇಳಿದ್ದರೆ ಅದು ಪರಿಚಯದ ಸಾಲಿನಲ್ಲೇ ಇರಬೇಕು.

ತಿದ್ದಿದ್ದು ಮುಗಿದ ಮೇಲೆ ಡಾಕ್ಸ್‌ನ ಅತ್ಯಂತ ಉಪಯುಕ್ತ ಸೌಲಭ್ಯಕ್ಕೆ ಬನ್ನಿ, ಅದನ್ನು ಬಳಸುವವರೇ ಕಡಿಮೆ. 'ಫೈಲ್' ಮೆನುವಿನ 'ಡೌನ್‌ಲೋಡ್'ನಲ್ಲಿ ಪ್ಲೇನ್ ಟೆಕ್ಸ್ಟ್ ಆರಿಸಿ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಬಣ್ಣ, ಗೆರೆ, ಅಂದ ಎಲ್ಲ ಹೋಗಿ ಉಳಿಯುವುದು ಯಂತ್ರದ ಕಣ್ಣಿಗೆ ಬೀಳುವುದಕ್ಕೆ ಹತ್ತಿರದ ರೂಪ. ಕಂಪನಿ, ಹುದ್ದೆ, ಅವಧಿ ಒಟ್ಟಿಗಿವೆಯೇ? ತಿಂಗಳು ವರ್ಷ ಎಲ್ಲ ಕಡೆ ಒಂದೇ ರೀತಿ ಇವೆಯೇ? ಫೋನ್ ಸಂಖ್ಯೆಯ ಬದಲು ಬರೀ ಐಕಾನ್ ಉಳಿದಿದೆಯೇ? ಬಿಳಿ ಅಕ್ಷರದಲ್ಲಿ ಕೀವರ್ಡುಗಳನ್ನು ಬಚ್ಚಿಡುವ ಉಪಾಯ ಎಲ್ಲೋ ಕೇಳಿ ಮಾಡಿದ್ದರೆ ಅದೂ ಇಲ್ಲಿ ಬೆತ್ತಲೆಯಾಗಿ ನಿಂತಿರುತ್ತದೆ. ರಿಕ್ರೂಟರ್ ಪರದೆಯಲ್ಲೂ ಹಾಗೇ ನಿಲ್ಲಬಹುದು. 'ಟೂಲ್ಸ್' ಅಡಿಯ 'ಕಂಪೇರ್ ಡಾಕ್ಯುಮೆಂಟ್ಸ್' ಮೂಲ ಪ್ರತಿಗೂ ನಕಲಿಗೂ ಏನೇನು ಬದಲಾಯಿತು ಎಂದು ತೋರಿಸುತ್ತದೆ. ಹಿಂದಿನ ಕಂಪನಿಗೆ ಬರೆದ ಸಾಲು ಈ ಕಂಪನಿಗೂ ಹೋಗುವ ಅನಾಹುತ ಇಲ್ಲಿ ತಪ್ಪುತ್ತದೆ.

ಹೊರಗೆ ಕಳಿಸುವಾಗ ಡಾಕ್ಸ್ ಕಾಡುವ ರೀತಿ ಬೇರೆ. ಡೌನ್‌ಲೋಡ್ ಆದ ಫೈಲಿಗೆ ಡಾಕ್‌ನ ತಲೆಬರಹವೇ ಹೆಸರಾಗುತ್ತದೆ, ನಕಲು ಮಾಡಿದ್ದರಿಂದ ಅದು 'ಕಾಪಿ ಆಫ್ ರೆಸ್ಯೂಮೆ ಫೈನಲ್ 2' ಎಂದಿರುತ್ತದೆ. ಹೆಸರು, ಹುದ್ದೆ, ಅಷ್ಟೇ ಇಟ್ಟು ಬದಲಿಸಿ. ವರ್ಡ್ ರೂಪದಲ್ಲಿ ಇಳಿಸಿದರೆ ಅಂಚಿನ ಕಾಮೆಂಟುಗಳೂ ಒಪ್ಪದೆ ಬಿಟ್ಟ ಸಜೆಷನ್‌ಗಳೂ ಜೊತೆಗೇ ಹೋಗುತ್ತವೆ. ಅಣ್ಣನೋ ಸ್ನೇಹಿತೆಯೋ ತಿದ್ದಿಕೊಟ್ಟ ಗುರುತುಗಳು ಎಚ್‌ಆರ್ ಮುಂದೆ ಬಿಚ್ಚಿಕೊಳ್ಳುತ್ತವೆ. ಗೂಗಲ್‌ನ ಫಾಂಟುಗಳು ಬೇರೆಯವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒಂದು ಪುಟದ್ದು ಒಂದೂಕಾಲು ಪುಟವಾಗುತ್ತದೆ. ಏರಿಯಲ್ ಎಂದದ್ದು ಅದಕ್ಕೇ. ಜಾಹೀರಾತು ವರ್ಡ್ ಕೇಳದಿದ್ದರೆ ಪಿಡಿಎಫ್ ಕಳಿಸಿ. ಡ್ರೈವ್ ಲಿಂಕ್ ಕಳಿಸಲೇಬೇಡಿ. ಅನುಮತಿ ಕೇಳುವ ಪರದೆ ಬಂದರೆ ಕೇಳುತ್ತ ಕೂರುವಷ್ಟು ವ್ಯವಧಾನ ಯಾವ ರಿಕ್ರೂಟರಿಗೂ ಇಲ್ಲ.

ಡಾಕ್ಸ್ ಎಷ್ಟೇ ಚೆನ್ನಾಗಿದ್ದರೂ ಈ ಶ್ರಮ ಎಲ್ಲ ಕಡೆ ಫಲ ಕೊಡುವುದಿಲ್ಲ. ನೌಕ್ರಿ ಪೋರ್ಟಲಿನಲ್ಲಿ ರಿಕ್ರೂಟರುಗಳು ಹುಡುಕುವುದು ಪ್ರೊಫೈಲನ್ನೇ. ಅಲ್ಲಿ ಪ್ರತಿ ಜಾಹೀರಾತಿಗೂ ಬದಲಿಸುತ್ತ ಕೂರುವ ಬದಲು ಒಂದು ಬಗೆಯ ಹುದ್ದೆಗೆ ಒಮ್ಮೆ ಗಟ್ಟಿಯಾಗಿ ಬರೆದಿಡಿ. ರೆಸ್ಯೂಮೆ ಹೆಡ್‌ಲೈನ್‌ಗೆ 250 ಅಕ್ಷರ ಇದೆ, 'ಉತ್ತಮ ಅವಕಾಶದ ನಿರೀಕ್ಷೆಯಲ್ಲಿ' ಎಂದು ಅದನ್ನು ಪೋಲು ಮಾಡಬೇಡಿ. ಫೈಲ್ 2 ಎಂಬಿ ಒಳಗಿರಲಿ. ಕೆಲಸ ಬಿಟ್ಟು ಕೂತವರಿಗೆ ಇರುವ ಒಂದೇ ಅನುಕೂಲ ನೋಟಿಸ್ ಪೀರಿಯಡ್ ಇಲ್ಲದಿರುವುದು. ಮೂರು ತಿಂಗಳು ಕಾಯಿಸುವವರ ನಡುವೆ ತಕ್ಷಣ ಸೇರಬಲ್ಲೆ ಎಂಬುದು ಎದ್ದು ಕಾಣಲಿ. ಜಾಹೀರಾತಿಗೊಂದು ರೆಸ್ಯೂಮೆ ಎಂಬ ಪಟ್ಟು ಹಿಡಿಯಬೇಕಾದದ್ದು ಕಂಪನಿಯ ಸ್ವಂತ ಕರಿಯರ್ಸ್ ಪುಟ, ನೇರ ಇಮೇಲ್, ಪರಿಚಯದವರ ರೆಫರಲ್ ಈ ಮೂರಕ್ಕೆ. ಅಲ್ಲಿ ಫೈಲನ್ನು ಒಬ್ಬ ಮನುಷ್ಯ ತೆರೆಯುವ ಸಂಭವ ಹೆಚ್ಚು. ಒಂದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ, ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಿದರೆ ಕೈ ಸಡಿಲಾಗುತ್ತದೆ.

ಅಂಕ ಕೊಡುವ ಸೈಟುಗಳ ಬಗ್ಗೆ ಎರಡು ಮಾತು. ಜಾಬ್‌ಸ್ಕ್ಯಾನ್ ತರಹದವು ರೆಸ್ಯೂಮೆ ಮತ್ತು ಜಾಹೀರಾತನ್ನು ಅಕ್ಕಪಕ್ಕ ಇಟ್ಟು ಹೊಂದಾಣಿಕೆಯನ್ನು ಶೇಕಡಾದಲ್ಲಿ ಹೇಳುತ್ತವೆ. ಬಿಟ್ಟುಹೋದ ಪದ ತೋರಿಸುವ ಮಟ್ಟಿಗೆ ಒಳ್ಳೆಯದು, ಪುಕ್ಕಟೆ ಸಿಗುವ ಸ್ಕ್ಯಾನ್ ಅಷ್ಟಕ್ಕೆ ಸಾಕು. ಆ ಶೇಕಡಾ ಆ ಸೈಟಿನ ಲೆಕ್ಕ, ಕಂಪನಿಯ ಲೆಕ್ಕವಲ್ಲ. ಅಂಕ ಏರಿಸುವ ಭರದಲ್ಲಿ 'ಟೀಮ್ ಪ್ಲೇಯರ್' ಅನ್ನೂ ತುರುಕಿದರೆ ಓದುವವರಿಗೆ ಬೇಸರ. 75 ಶೇಕಡಾ ರೆಸ್ಯೂಮೆಗಳನ್ನು ಯಂತ್ರವೇ ಕಸದ ಬುಟ್ಟಿಗೆ ಹಾಕುತ್ತದೆ ಎಂದು ಹೆದರಿಸಿ ಸೇವೆ ಮಾರುವವರನ್ನು ನಂಬಬೇಡಿ, ಆ ಅಂಕಿಯ ಹಿಂದೆ ಗಟ್ಟಿ ಅಧ್ಯಯನವಿಲ್ಲ. ಅರ್ಜಿ ತುಂಬುವಾಗ ಕೇಳುವ ಹೌದು/ಇಲ್ಲ ಪ್ರಶ್ನೆಗಳೇ ನೇರವಾಗಿ ಹೊರಹಾಕುವುದು ಹೆಚ್ಚು: ಎಷ್ಟು ವರ್ಷ ಅನುಭವ, ಊರು ಬದಲಿಸುತ್ತೀರಾ, ನೈಟ್ ಶಿಫ್ಟ್ ಆಗುತ್ತದಾ. ಚಾಟ್‌ಜಿಪಿಟಿ, ಜೆಮಿನಿಗಳಿಂದ ಜಾಹೀರಾತಿನ ಬೇಡಿಕೆಗಳ ಪಟ್ಟಿ ತೆಗೆಸಿಕೊಳ್ಳಿ. ಸಾಧನೆಗಳನ್ನು ಬರೆಸಿದರೆ 'ವೆಚ್ಚ 30 ಶೇಕಡಾ ಇಳಿಸಿದೆ' ಎಂದು ಇಲ್ಲದ್ದನ್ನು ಹುಟ್ಟಿಸುತ್ತವೆ.

ಬಣ್ಣದ ಟೆಂಪ್ಲೇಟು ಕೊಡುವ ಕ್ಯಾನ್ವಾ ಸೈಟು ಡಿಸೈನ್ ಕ್ಷೇತ್ರದವರಿಗೆ ಸರಿ, ಉಳಿದವರಿಗೆ ಬೇಡ. ಕೌಶಲವನ್ನು ಐದಕ್ಕೆ ನಾಲ್ಕು ನಕ್ಷತ್ರವಾಗಿ ತೋರಿಸುವುದರಲ್ಲಿ ಅರ್ಥವಿಲ್ಲ. ಪಿಡಿಎಫ್ ಇಳಿಸುವಾಗ 'ಫ್ಲಾಟನ್' ಆಯ್ಕೆಗೆ ಗುರುತು ಬಿದ್ದಿದ್ದರೆ ಇಡೀ ಪುಟ ಚಿತ್ರವಾಗಿ ಹೋಗುತ್ತದೆ, ಒಂದು ಅಕ್ಷರವೂ ಹುಡುಕಾಟಕ್ಕೆ ಸಿಗುವುದಿಲ್ಲ.

ಯಾವ ಸಾಧನ ಬಳಸಿದರೂ ನಮ್ಮ ಕಡೆಯ ಕೆಲವು ಹಳೆಯ ಅಭ್ಯಾಸಗಳನ್ನು ಕೈಯಿಂದಲೇ ಅಳಿಸಬೇಕು: ತಂದೆಯ ಹೆಸರು, ಜಾತಿ ಧರ್ಮ, ಮದುವೆ, ಪಾಸ್‌ಪೋರ್ಟ್ ಸಂಖ್ಯೆ, ಕೊನೆಯ ಪ್ರಮಾಣ ವಚನದ ಪ್ಯಾರಾ. ಆಧಾರ್, ಪ್ಯಾನ್ ಸಂಖ್ಯೆಗಳಂತೂ ಖಂಡಿತ ಬೇಡ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಗಳನ್ನು ಅನುಭವಿಗಳು ತೆಗೆಯಬಹುದು, ಫ್ರೆಶರ್‌ಗಳು ಆತುರಪಡಬೇಡಿ. '60 ಪರ್ಸೆಂಟ್ ಥ್ರೂಔಟ್' ಎಂದು ಕೇಳುವ ಕಂಪನಿಗಳಿಗೆ ಇವೆರಡರ ಜೊತೆ ಪದವಿಯದೂ ಸೇರಿ ಮೂರೂ ಅಂಕ ಬೇಕು. ಕೆಲಸವಿಲ್ಲದ ತಿಂಗಳುಗಳನ್ನು ಮುಚ್ಚಲು ಹಳೆಯ ಕೆಲಸದ ದಿನಾಂಕ ಎಳೆಯಬೇಡಿ. ಪಿಎಫ್ ಇದ್ದ ಕೆಲಸವಾದರೆ ಸೇರಿದ, ಬಿಟ್ಟ ದಿನಾಂಕ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ದಾಖಲೆಯಲ್ಲಿರುತ್ತದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ರಿಲೀವಿಂಗ್ ಲೆಟರಿನ ಜೊತೆ ಅದನ್ನೂ ಕೇಳುತ್ತಾರೆ. ಆಫರ್ ಕೈಗೆ ಬಂದ ಮೇಲೆ ತಪ್ಪಿಹೋಗುವುದು ಇಲ್ಲೇ. ಬಿಡುವಿನ ಅವಧಿಗೆ ಒಂದು ನೇರ ಸಾಲು ಸಾಕು: ಮನೆಯವರ ಆರೈಕೆ, ಪರೀಕ್ಷೆ ತಯಾರಿ, ಕಂಪನಿ ಮುಚ್ಚಿತು.

ಲ್ಯಾಪ್‌ಟಾಪ್ ಇಲ್ಲದವರಿಗೆ ಡಾಕ್ಸ್‌ನ ಮೊಬೈಲ್ ಆ್ಯಪ್ ಅರ್ಧ ಉಪಯೋಗ. ಪದ ಬದಲಿಸಲು, ಪಿಡಿಎಫ್ ಕಳಿಸಲು ಬರುತ್ತದೆ. ಪುಟ ಎಲ್ಲಿ ಮುರಿಯುತ್ತದೆ ಎಂದು ಕಾಣಲು ಪ್ರಿಂಟ್ ಲೇಔಟ್ ಆನ್ ಮಾಡಬೇಕು, ಎರಡು ಪ್ರತಿ ಹೋಲಿಸಲು ಕಂಪ್ಯೂಟರಿನ ಬ್ರೌಸರೇ ಬೇಕು. ಮೂಲ ಪ್ರತಿಯನ್ನು ಒಮ್ಮೆ ಸೈಬರ್ ಸೆಂಟರಿನಲ್ಲಿ ಕೂತು ಸರಿಯಾಗಿ ಹಾಕಿಟ್ಟುಕೊಂಡರೆ ದಿನದಿನದ ತಿದ್ದುಪಡಿ ಫೋನಿನಲ್ಲೇ ಸಾಗುತ್ತದೆ. ಏಳುವ ಮುಂಚೆ ಅಲ್ಲಿಯ ಕಂಪ್ಯೂಟರಿನಲ್ಲಿ ಗೂಗಲ್ ಖಾತೆಯಿಂದ ಸೈನ್ ಔಟ್ ಆಗಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ಪಿಡಿಎಫ್ ಅಳಿಸಿ. ಅದರಲ್ಲಿ ನಿಮ್ಮ ಫೋನ್ ನಂಬರ್ ಇರುತ್ತದೆ.