ಮಾಂಟೆಸ್ಸರಿ ಚಾರ್ಟರ್ ಶಾಲೆ: ಕ್ಲಾಸ್‌ರೂಮ್ ನೋಡಿ ಮರುಳಾಗಬೇಡಿ, ಬೋರ್ಡ್ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಮಾಂಟೆಸ್ಸರಿ ಚಾರ್ಟರ್ ಶಾಲೆಯ ಸೀಟು ಹಂಚುವ ಲಾಟರಿಗೆ ಮಗುವಿನ ಹೆಸರು ಹಾಕಲು ಹೊರಟಿರುವ ನಮ್ಮ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಾಲೆಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ಒಳ್ಳೆಯ ಟೀಚರುಗಳು ಕೆಲವರು ಇನ್ನೂ ಅಲ್ಲೇ ಇದ್ದಾರೆ, ಅವರ ಅನ್ನಕ್ಕೆ ಕಲ್ಲು ಹಾಕುವ ಇಷ್ಟ ನನಗಿಲ್ಲ.

ಹೊಸದಾಗಿ ಬಂದವರಿಗೆ ಒಂದಿಷ್ಟು ಹಿನ್ನೆಲೆ. ಚಾರ್ಟರ್ ಶಾಲೆ ನಡೆಯುವುದು ಸರ್ಕಾರದ ದುಡ್ಡಿನಲ್ಲಿ, ಫೀಸು ಇಲ್ಲ. ಆದರೆ ಆಡಳಿತ ಅದರದೇ ಬೋರ್ಡಿನ, ಅಂದರೆ ಆಡಳಿತ ಮಂಡಳಿಯ ಕೈಯಲ್ಲಿ. 1991ರಲ್ಲಿ ಮಿನ್ನೆಸೋಟ ಇಂಥ ಕಾನೂನನ್ನು ಮೊದಲು ತಂದಿತು, ಮರುವರ್ಷವೇ ಕ್ಯಾಲಿಫೋರ್ನಿಯಾ. ಖಾಸಗಿ ಮಾಂಟೆಸ್ಸರಿಯ ಫೀಸು ಕೇಳಿ ಬೆಚ್ಚಿದವರೆಲ್ಲ ಇಲ್ಲಿಗೆ ಬರುತ್ತಾರೆ. ನಮಗಂತೂ ಆ ಹೆಸರೇ ಸಾಕು. ಈ ಪದ್ಧತಿ ರೂಪಿಸಿದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡಯಾರಿಗೆ ಬಂದು ಯುದ್ಧ ಮುಗಿಯುವವರೆಗೂ ಭಾರತದಲ್ಲೇ ಇದ್ದು ತರಬೇತಿ ಕೊಟ್ಟವರು. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಆ ಹೆಸರಿನ ನಾಮಫಲಕ ನೋಡಿಯೇ ಬೆಳೆದಿದ್ದೇವೆ. ಆದರೆ ಅಮೆರಿಕದಲ್ಲಿ ಆ ಹೆಸರಿಗೆ ಯಾರೂ ಒಡೆಯರಲ್ಲ. 1967ರಲ್ಲೇ ಟ್ರೇಡ್‌ಮಾರ್ಕ್ ಮಂಡಳಿ ಅದನ್ನು ಯಾರು ಬೇಕಾದರೂ ಬಳಸಬಹುದಾದ ಸಾಮಾನ್ಯ ಪದ ಎಂದುಬಿಟ್ಟಿತು. ಹಾಗಾಗಿ ಶಾಲೆಯ ಒಳಗಿನದೆಲ್ಲ ಬದಲಾದರೂ ಗೇಟಿನ ಮೇಲಿನ ಹೆಸರು ಹಾಗೇ ಇರಬಹುದು.

ನಮ್ಮಲ್ಲಿ ಆದದ್ದೂ ಅದೇ. ಶಾಲೆ ಕಟ್ಟಿದ ಮುಖ್ಯಸ್ಥೆ ಹೊರಟುಹೋದರು ಎಂಬ ಸುದ್ದಿ ಬಂದದ್ದು ಒಂದು ಶುಕ್ರವಾರ ಸಂಜೆಯ ಇಮೇಲಿನಲ್ಲಿ. ಅವರ ಸೇವೆಗೆ ಧನ್ಯವಾದ ಅಂತ ಒಂದು ಸಾಲು, ಹೆಚ್ಚಿನ ವಿವರ ಹೇಳಲಾಗದು ಅಂತ ಇನ್ನೊಂದು. ಆಮೇಲೆ ಒಬ್ಬರು ಹಂಗಾಮಿ. ಕೊನೆಗೆ ಹೊಸ ಎಕ್ಸಿಕ್ಯುಟಿವ್ ಡೈರೆಕ್ಟರ್, ಮಾಂಟೆಸ್ಸರಿ ತರಬೇತಿಯೇ ಇಲ್ಲದವರು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ಬಂದ ಕೂಡಲೇ ಬದಲಾವಣೆ ಶುರುವಾಯಿತು. ಬೆಳಿಗ್ಗೆ ಸತತ ಮೂರು ತಾಸು ಮಕ್ಕಳು ತಾವೇ ಆರಿಸಿಕೊಂಡ ಕೆಲಸ ಮಾಡುವ ವರ್ಕ್ ಸೈಕಲ್ ತುಂಡಾಯಿತು, ನಡುವೆ ಗಂಟೆ ಹೊಡೆದು ಇಂಗ್ಲಿಷ್, ಗಣಿತದ ಪೀರಿಯಡ್ ಬಂದವು. ಆರರಿಂದ ಒಂಬತ್ತು ವರ್ಷದವರು ಒಟ್ಟಿಗೆ ಕೂರುವ ತರಗತಿಯನ್ನು ಒಡೆದು ಮೂರನೆಯ ಗ್ರೇಡನ್ನು ಬೇರೆ ಮಾಡಿದರು. ಮಾಂಟೆಸ್ಸರಿಯಲ್ಲಿ ಈ ಎರಡನ್ನು ತೆಗೆದರೆ ಉಳಿಯುವುದು ಮರದ ಸಾಮಾನು ಮಾತ್ರ. ಚಿಕ್ಕವರಿಗೆ ಹೇಳಿಕೊಡುತ್ತಾ ದೊಡ್ಡವರು ಕಲಿಯುವುದು ಆ ಪದ್ಧತಿಯ ಬೆನ್ನೆಲುಬು.

ಮೂರನೆಯ ಗ್ರೇಡೇ ಯಾಕೆ? ರಾಜ್ಯದ ಪರೀಕ್ಷೆ ಶುರುವಾಗುವುದು ಅಲ್ಲಿಂದ. ಚಾರ್ಟರ್ ಎಂದರೆ ಅವಧಿಯ ಪರವಾನಗಿ, ಸಾಮಾನ್ಯವಾಗಿ ಐದು ವರ್ಷದ್ದು. 2019ರ ಕಾನೂನು ಬಂದ ಮೇಲೆ ನವೀಕರಣದ ಹೊತ್ತಿಗೆ ಪರೀಕ್ಷೆಯ ಫಲಿತಾಂಶವೂ ಸೇರಿ ಶಾಲೆಗಳ ಸಾಧನೆ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡ್ ನೋಡಿ ಶಾಲೆಗಳನ್ನು ಮೂರು ಸಾಲಿಗೆ ಹಾಕುತ್ತಾರೆ. ಕೆಳಸಾಲಿಗೆ ಬಿದ್ದರೆ ನವೀಕರಣ ಸಿಕ್ಕರೂ ಎರಡೇ ವರ್ಷ. ಬೋರ್ಡಿಗೆ ಇದ್ದ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆ ಭಯವನ್ನು ನಮ್ಮ ಮುಂದೆ ಬಿಚ್ಚಿ ಹೇಳಿದ್ದರೆ ಅರ್ಧ ಪೋಷಕರು ಅವರ ಜೊತೆಗೇ ನಿಲ್ಲುತ್ತಿದ್ದರು. ಹೇಳಲಿಲ್ಲ. 'ಮಾಂಟೆಸ್ಸರಿಯನ್ನು ಇನ್ನಷ್ಟು ಗಟ್ಟಿ ಮಾಡುತ್ತಿದ್ದೇವೆ' ಅಂದರು!

ಆಮೇಲೆ ಗೈಡ್‌ಗಳು, ಅಂದರೆ ಮಾಂಟೆಸ್ಸರಿ ಟೀಚರುಗಳು, ಒಬ್ಬೊಬ್ಬರಾಗಿ ಹೋದರು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಾರ್ಟರ್‌ನ ಮಾಂಟೆಸ್ಸರಿ ತರಗತಿಗೆ ರಾಜ್ಯದ ಟೀಚಿಂಗ್ ಕ್ರೆಡೆನ್ಷಿಯಲ್ ಬೇಕು, ಜೊತೆಗೆ ಆ ಪದ್ಧತಿಯಲ್ಲಿ ಕಲಿಸಲು ಎಎಮ್‌ಐ ಅಥವಾ ಎಎಮ್‌ಎಸ್ ಎಂಬ ಮಾಂಟೆಸ್ಸರಿ ಸಂಸ್ಥೆಗಳ ಡಿಪ್ಲೊಮಾನೂ ಬೇಕು. ಎರಡೂ ಇರುವವರು ಸುಲಭಕ್ಕೆ ಸಿಗುವುದಿಲ್ಲ. ಬದಲಿಗೆ ಬಂದ ಸಬ್‌ಸ್ಟಿಟ್ಯೂಟ್‌ಗೆ ಗೋಲ್ಡನ್ ಬೀಡ್ಸ್ (ಲೆಕ್ಕ ಕಲಿಸುವ ಮಣಿಗಳು) ಹಿಡಿದು ಸಾವಿರದ ಲೆಕ್ಕ ಹೇಗೆ ತೋರಿಸಬೇಕು ಎನ್ನುವುದೇ ಗೊತ್ತಿರಲಿಲ್ಲ. ಪಾಪ, ಅವರ ತಪ್ಪೂ ಅಲ್ಲ, ಮಕ್ಕಳ ಕೈಗೆ ವರ್ಕ್‌ಶೀಟ್ ಕೊಟ್ಟರು.

ಬೋರ್ಡ್ ಮೀಟಿಂಗಿಗೆ ಹೋದೆವು. ಮೈಕ್ ಮುಂದೆ ಒಬ್ಬೊಬ್ಬರಿಗೆ ಎರಡು ನಿಮಿಷ. ಅಜೆಂಡಾದಲ್ಲಿ ಇಲ್ಲದ ವಿಷಯ, ಚರ್ಚಿಸುವಂತಿಲ್ಲ ಅಂದರು. ಮುಖ್ಯಸ್ಥೆ ಯಾಕೆ ಹೋದರು ಎಂದರೆ ಸಿಬ್ಬಂದಿ ವಿಷಯ, ಹೊರಗಿನವರನ್ನು ಬಿಡದ ಕ್ಲೋಸ್ಡ್ ಸೆಷನ್. ಕಾನೂನಿನ ಪ್ರಕಾರ ಈ ಎರಡೂ ಮಾತು ಸರಿಯೇ. ಅವರು ಹೇಳದೇ ಬಿಟ್ಟದ್ದು ಉಳಿದ ಭಾಗ: ಪೋಷಕರು ಎತ್ತಿದ ವಿಷಯವನ್ನು ಮುಂದಿನ ಅಜೆಂಡಾಕ್ಕೆ ಹಾಕಲು ಬೋರ್ಡಿಗೆ ಯಾವ ಅಡ್ಡಿಯೂ ಇಲ್ಲ. 2020ರಿಂದ ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆಗಳಿಗೆ ಬ್ರೌನ್ ಆಕ್ಟ್ (ಮೀಟಿಂಗುಗಳನ್ನು ಜನರ ಮುಂದೆ ನಡೆಸಬೇಕೆನ್ನುವ ಕಾನೂನು) ಮತ್ತು ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ (ದಾಖಲೆ ಕೇಳುವ ಹಕ್ಕಿನ ಕಾನೂನು) ಎರಡೂ ಅನ್ವಯಿಸುತ್ತವೆ. ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮುಂಚೆ ಎಲ್ಲರಿಗೂ ಕಾಣಬೇಕು. ದಾಖಲೆ ಕೇಳಿದರೆ ಕೊಡಬಹುದೋ ಇಲ್ಲವೋ ಎಂದು ಹತ್ತು ದಿನದಲ್ಲಿ ತಿಳಿಸಬೇಕು. ಕೆಲವು ಸಂದರ್ಭದಲ್ಲಿ ಇನ್ನು ಹದಿನಾಲ್ಕು ದಿನ ಮುಂದೂಡಬಹುದು.

ಅತಿ ಮುಖ್ಯವಾದದ್ದು ಈಗ. ಡಿಸ್ಟ್ರಿಕ್ಟ್ ಶಾಲೆಯ, ಅಂದರೆ ಮಾಮೂಲಿ ಸರ್ಕಾರಿ ಶಾಲೆಯ, ಬೋರ್ಡನ್ನು ಜನ ಚುನಾಯಿಸುತ್ತಾರೆ. ಅನೇಕ ಚಾರ್ಟರ್‌ಗಳಲ್ಲಿ ಇರುವ ಸದಸ್ಯರೇ ಹೊಸ ಸದಸ್ಯರನ್ನು ಆರಿಸಿಕೊಳ್ಳುತ್ತಾರೆ. ಪೋಷಕರು ಓಟು ಹಾಕುವ ಮಾತೇ ಇಲ್ಲ. ಮುಖ್ಯಸ್ಥರನ್ನು ತರುವವರೂ ಕಳಿಸುವವರೂ ಇವರೇ. ಆದ್ದರಿಂದ ಶಾಲೆ ನೋಡಲು ಹೋದಾಗ ಪಿಂಕ್ ಟವರ್ (ಮಾಂಟೆಸ್ಸರಿಯ ಗುಲಾಬಿ ಮರದ ಘನಗಳ ಗೋಪುರ) ಮುಂದೆ ಫೋಟೋ ಹೊಡೆದುಕೊಂಡು ಬರಬೇಡಿ. ಬೈಲಾಸ್ (ಬೋರ್ಡಿನ ನಿಯಮಾವಳಿ) ಕೇಳಿ, ಬೋರ್ಡಿನಲ್ಲಿ ಪೋಷಕರಿಗೆ ಸೀಟಿದೆಯೇ ನೋಡಿ. ಹಿಂದಿನ ಎರಡು ಮೂರು ವರ್ಷದ ಮಿನಿಟ್ಸ್ (ಮೀಟಿಂಗಿನ ನಡಾವಳಿ) ಓದಿ. ಕ್ಲೋಸ್ಡ್ ಸೆಷನ್ನಿನಲ್ಲಿ ಮುಖ್ಯಸ್ಥರ ಮೌಲ್ಯಮಾಪನ ಮೀಟಿಂಗ್ ಮೇಲೆ ಮೀಟಿಂಗ್ ಬರುತ್ತಿದ್ದರೆ ಏನೋ ಕುದಿಯುತ್ತಿದೆ ಅಂತಲೇ ನನ್ನ ಲೆಕ್ಕ. ಎಷ್ಟು ಗೈಡ್‌ಗಳಿಗೆ ಡಿಪ್ಲೊಮಾ ಇದೆ, ಕಳೆದ ವರ್ಷ ಎಷ್ಟು ಜನ ಬಿಟ್ಟರು, ಚಾರ್ಟರ್ ಯಾವಾಗ ಮುಗಿಯುತ್ತದೆ ಎಂದು ನೇರವಾಗಿ ಕೇಳಿ. ಹಾರಿಕೆ ಉತ್ತರ ಬಂದರೆ ಅದೂ ಒಂದು ಉತ್ತರವೇ.

ಈಗಾಗಲೇ ಸೇರಿಸಿದ್ದೀರಾ? ಸಿಟ್ಟಿನಲ್ಲಿ ರಾತ್ರೋರಾತ್ರಿ ಬಿಡಿಸಬೇಡಿ. ಸೀಟು ಬಿಟ್ಟರೆ ಮತ್ತೆ ಲಾಟರಿಯೇ, ತಮ್ಮನಿಗೋ ತಂಗಿಗೋ ಸಿಗುವ ಸಿಬ್ಲಿಂಗ್ ಆದ್ಯತೆಯೂ ಹೋಗಬಹುದು. ನಾವು ವರ್ಷ ಮುಗಿಸಿ ಮಗಳನ್ನು ಡಿಸ್ಟ್ರಿಕ್ಟ್ ಶಾಲೆಗೆ ಹಾಕಿದೆವು. ಅಲ್ಲೇ ಉಳಿದ ಮನೆಗಳವರು ಈಗ ನವೀಕರಣದ ಅರ್ಜಿಗೆ ಕಾಯುತ್ತಿದ್ದಾರೆ. ಅರ್ಜಿ ಬಂದ ಅರವತ್ತು ದಿನದೊಳಗೆ, ಚಾರ್ಟರ್ ಕೊಟ್ಟ ಡಿಸ್ಟ್ರಿಕ್ಟ್ ಸಾರ್ವಜನಿಕ ವಿಚಾರಣೆ ನಡೆಸಬೇಕು. ನಮ್ಮವರಲ್ಲಿ ಬಹಳ ಜನ 'ನಾವು ಎಚ್-1ಬಿ, ನಮಗೇಕೆ' ಅಂತ ಹಿಂದೆ ಸರಿಯುತ್ತಾರೆ. ಅಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ, ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ. ಮೀಟಿಂಗಿಗೆ ಬಂದು ಕೂರಲು ಹೆಸರು ಬರೆಸಬೇಕೆಂಬ ಕಡ್ಡಾಯವೂ ಇಲ್ಲ.