ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟುವ ಮುಂಚೆ ಇದನ್ನು ಓದಿ: ‘ಅನ್‌ಲಿಮಿಟೆಡ್’ ಇಂಟರ್ನೆಟ್‌ನಲ್ಲಿ ನನಗಾದದ್ದು

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಬೇಕು ಅಂತ ಇರುವವರು, ಅದರಲ್ಲೂ ಆರು ತಿಂಗಳದ್ದೋ ವರ್ಷದ್ದೋ ಒಟ್ಟಿಗೆ ಕಟ್ಟಿದರೆ ರೇಟು ಕಡಿಮೆ ಅಂತ ಕೇಳಿ ಮನಸ್ಸು ಮಾಡಿರುವವರು, ದಯವಿಟ್ಟು ಇದನ್ನು ಓದಿ ಆಮೇಲೆ ದುಡ್ಡು ಕಟ್ಟಿ. ಕಂಪನಿಯ ಹೆಸರು ಹಾಕುವುದಿಲ್ಲ. ಯಾಕೆಂದರೆ ಇದು ಒಂದೇ ಕಂಪನಿಯ ರೋಗ ಅಲ್ಲ. ಯಾವುದನ್ನು ಹಾಕಿಸಿದರೂ ಇದೇ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ನಾನು ಹಾಸನದಲ್ಲಿದ್ದೇನೆ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಸಕಲೇಶಪುರ, ಅರಸೀಕೆರೆ, ಚನ್ನರಾಯಪಟ್ಟಣದ ಸ್ಟುಡಿಯೋದವರು ಶೂಟ್ ಮಾಡಿದ್ದನ್ನು ಮನೆಯಲ್ಲೇ ಕೂತು ಕತ್ತರಿಸಿ, ಬಣ್ಣ ಸರಿಮಾಡಿ, ಹಾಡು ಕೂಡಿಸಿ ಕೊಡುತ್ತೇನೆ. 4ಕೆ ವಿಡಿಯೋ ಅಂದರೆ ಫೈಲು ಎಷ್ಟು ದೊಡ್ಡದಿರುತ್ತದೆ ಅಂತ ಈ ಕೆಲಸದವರಿಗೆ ಗೊತ್ತು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಬಿಟ್‌ರೇಟಿನಲ್ಲಿ ರೆಕಾರ್ಡ್ ಮಾಡಿದರೆ ಒಂದು ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬಿಸುತ್ತದೆ. ರಿಸೆಪ್ಷನ್ನು, ಮುಹೂರ್ತ, ಎರಡು ಕ್ಯಾಮೆರಾ ಅಂದರೆ ಒಂದು ಮದುವೆಗೆ ಕೆಲವು ನೂರು ಜಿಬಿ ಆಗಿಬಿಡುತ್ತದೆ. ಮೊದಲೆಲ್ಲ ಹಾರ್ಡ್ ಡಿಸ್ಕನ್ನು ಬಸ್ಸಿನಲ್ಲಿ ಕಳಿಸುತ್ತಿದ್ದರು. ಈಗ ಅರ್ಧಕ್ಕರ್ಧ ಕೆಲಸ ಕ್ಲೌಡಿನಲ್ಲೇ. ಅದಕ್ಕೇ ನನಗೆ ನಿಜವಾಗಿಯೂ ಮಿತಿ ಇಲ್ಲದ ಕನೆಕ್ಷನ್ ಬೇಕಿತ್ತು.

ಕನೆಕ್ಷನ್ ಮಾರಲು ಬಂದ ಹುಡುಗನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ನನ್ನ ಕೆಲಸ ಇಂಥದ್ದು, ತಿಂಗಳಿಗೆ ಡೇಟಾ ಜಾಸ್ತಿ ಹೋಗುತ್ತೆ, ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ, ಅಂದರೆ ಇಷ್ಟು ಡೇಟಾ ದಾಟಿದರೆ ವೇಗ ಇಳಿಸುವ ಮಿತಿ) ಏನಾದರೂ ಇದೆಯಾ ಅಂತ ಬಾಯಿಬಿಟ್ಟು ಕೇಳಿದೆ. ‘ಇಲ್ಲ ಸರ್, ಫುಲ್ ಅನ್‌ಲಿಮಿಟೆಡ್, ನೀವು ತಲೆ ಕೆಡಿಸ್ಕೋಬೇಡಿ’ ಅಂದ. ಅದನ್ನೇ ವಾಟ್ಸಾಪಿನಲ್ಲಿ ಹಾಕಪ್ಪ ಅಂದೆ. ಹಾಕಿದ. ಪಾಂಪ್ಲೆಟ್ಟಿನಲ್ಲೂ ದೊಡ್ಡದಾಗಿ ಹಾಗೇ ಇತ್ತು. 100 ಎಂಬಿಪಿಎಸ್ ಪ್ಲಾನು, ಇನ್‌ಸ್ಟಲೇಷನ್ ಫ್ರೀ, ರೂಟರ್ ಫ್ರೀ. ಆರು ತಿಂಗಳದ್ದು ಕಟ್ಟಿದೆ.

ಮೊದಲ ಎರಡು ವಾರ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ದಿನ ಮಧ್ಯಾಹ್ನ ಅಪ್‌ಲೋಡಿಗೆ ಹಾಕಿದ್ದ ಫೈಲು ಸಂಜೆಯಾದರೂ ಅಲ್ಲೇ ನಿಂತಿತ್ತು. ಮಗಳ ಆನ್‌ಲೈನ್ ಕ್ಲಾಸು ತಡೆತಡೆದು ಬರುತ್ತಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿ, ವೈಫೈ ಚಾನೆಲ್ ಬದಲಾಯಿಸಿ, ಎಲ್ಲ ಆಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ನಿಮ್ಮ ಏರಿಯಾದಲ್ಲಿ ಮೇಂಟೆನೆನ್ಸ್ ನಡೀತಿದೆ ಸರ್’. ಮತ್ತೆ ಮಾಡಿದರೆ ‘ನಿಮ್ಮ ಲ್ಯಾಪ್‌ಟಾಪ್ ಪ್ರಾಬ್ಲಮ್ ಇರಬಹುದು ಸರ್’. ಇನ್ನೊಮ್ಮೆ ಮಾಡಿದರೆ ಟೆಕ್ನೀಷಿಯನ್ ಕಳಿಸುತ್ತೇವೆ ಅಂದರು. ಆತ ಬಂದು ಫೈಬರಿಗೆ ಪವರ್ ಮೀಟರ್ (ಒಳಗೆ ಬರುವ ಬೆಳಕಿನ ಸಿಗ್ನಲ್ ಅಳೆಯುವ ಸಾಧನ) ಹಾಕಿ ನೋಡಿದ. ಮೈನಸ್ 20 ಡಿಬಿಎಂ ಆಸುಪಾಸು ತೋರಿಸಿತು. ಲೈನು ಚೆನ್ನಾಗಿದೆ, ನಮ್ಮ ಕಡೆಯಿಂದ ಏನೂ ಇಲ್ಲ ಅಂದ. ಆ ಟೆಕ್ನೀಷಿಯನ್ ಹೇಳಿದ್ದು ಸತ್ಯವೇ. ಲೈನಿನಲ್ಲಿ ಏನೂ ದೋಷ ಇರಲಿಲ್ಲ.

ನನ್ನನ್ನು ಜಾಸ್ತಿ ದಾರಿ ತಪ್ಪಿಸಿದ್ದು ಸ್ಪೀಡ್ ಟೆಸ್ಟ್. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದರೆ 95, 98 ಅಂತ ತೋರಿಸುತ್ತಿತ್ತು. ಕಸ್ಟಮರ್ ಕೇರಿನವರು ಕೇಳುವುದೂ ಅದನ್ನೇ, ಅದರ ಫೋಟೋ ಕಳಿಸಿ ಅಂತ. ಕಳಿಸಿದರೆ ‘ಸ್ಪೀಡ್ ಬರ್ತಿದೆಯಲ್ಲ ಸರ್’ ಅಂತ ಕಂಪ್ಲೇಂಟು ಮುಚ್ಚುತ್ತಿದ್ದರು. ವಿಷಯ ಏನೆಂದರೆ, ಈ ಟೆಸ್ಟುಗಳು ನಿಮಗೆ ತೀರಾ ಹತ್ತಿರದ ಸರ್ವರನ್ನು ತಾವೇ ಆರಿಸಿಕೊಳ್ಳುತ್ತವೆ, ಎಷ್ಟೋ ಸಲ ಆ ಸರ್ವರ್ ಇರುವುದು ನಿಮಗೆ ಇಂಟರ್ನೆಟ್ ಕೊಡುವ ಕಂಪನಿಯ ನೆಟ್‌ವರ್ಕಿನೊಳಗೇ. ಆ ದಾರಿ ಖಾಲಿ ಇದ್ದ ಮಾತ್ರಕ್ಕೆ ಹೊರಗಿನ ದಾರಿಯೂ ಖಾಲಿ ಇದೆ ಅಂತಲ್ಲ. ಸರ್ವರ್ ಪಟ್ಟಿಯಲ್ಲಿ ಬೇರೆ ಊರಿನ, ಬೇರೆ ಕಂಪನಿಯ ಸರ್ವರ್ ಆರಿಸಿ ನೋಡಿದಾಗ 2 ಎಂಬಿಪಿಎಸ್ ಬಂತು. ನೆಟ್‌ಫ್ಲಿಕ್ಸ್‌ನವರು 2016ರಲ್ಲಿ ಬಿಟ್ಟ ಫಾಸ್ಟ್ ಡಾಟ್ ಕಾಮ್ ಅಂತ ಒಂದಿದೆ, ಅದು ಅಳೆಯುವುದು ಅವರ ಸಿನಿಮಾಗಳು ಬರುವ ಸರ್ವರಿನಿಂದಲೇ. ಅದರಲ್ಲೂ 2. ಆಮೇಲೆ ಒಂದು ದೊಡ್ಡ ಫೈಲನ್ನು ಡೌನ್‌ಲೋಡಿಗೆ ಹಾಕಿ ಗಡಿಯಾರ ನೋಡಿದೆ. ಅಲ್ಲೂ ಅಷ್ಟೇ.

ಸರಿಯಾದ ಉತ್ತರ ಸಿಕ್ಕಿದ್ದು ಹೊಸ ತಿಂಗಳ ಬಿಲ್ ಅವಧಿ ಶುರುವಾದ ದಿನ. ಅವತ್ತು ಬೆಳಿಗ್ಗೆ ಎದ್ದರೆ ಎಲ್ಲ ಮೊದಲಿನ ಹಾಗೆ ಓಡುತ್ತಿತ್ತು. ಮುಂದಿನ ತಿಂಗಳು ಮತ್ತೆ ಮಧ್ಯದಲ್ಲಿ ಬಿತ್ತು, ಮತ್ತೆ ಅದೇ ತಾರೀಕಿಗೆ ಎದ್ದಿತು. ಲೈನಿನ ದೋಷವಾಗಿದ್ದರೆ ಬಿಲ್ ತಾರೀಕು ನೋಡಿಕೊಂಡು ಸರಿಹೋಗುವುದಿಲ್ಲ ಅಲ್ವಾ? ನಿಮಗೂ ಹೀಗಾಗುತ್ತಿದ್ದರೆ ಬೇರೆ ಏನೂ ಹುಡುಕಬೇಡಿ. ಇಂಟರ್ನೆಟ್ ಯಾವಾಗ ನಿಧಾನ ಆಯಿತು, ಯಾವಾಗ ಸರಿಹೋಯಿತು ಅಂತ ಬರೆದಿಡಿ. ಆ ಎರಡು ತಾರೀಕು ಸಾಕು. ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಮಾತ್ರ ನಿಧಾನ ಆಗಿ ಬೆಳಿಗ್ಗೆ ಸರಿಹೋಗುತ್ತಿದ್ದರೆ ಅದು ಬೇರೆ ಕಥೆ. ಅದು ಬೀದಿಯವರೆಲ್ಲ ಒಟ್ಟಿಗೆ ಬಳಸುವಾಗ ಆಗುವ ದಟ್ಟಣೆ.

ತಾರೀಕುಗಳನ್ನು ಮುಂದಿಟ್ಟು ಕೇಳಿದ ಮೇಲೆ, ಮೇಲಿನ ಅಧಿಕಾರಿ ಅಂತ ಒಬ್ಬರು ಫೋನಿಗೆ ಬಂದು ಹೇಳಿದರು: ‘ನಿಮ್ಮ ಬಳಕೆ ನಾರ್ಮಲ್ ಅಲ್ಲ ಸರ್. 1 ಟಿಬಿ (ಸಾವಿರ ಜಿಬಿ) ದಾಟಿದರೆ ಫೇರ್ ಯೂಸೇಜ್ ಪ್ರಕಾರ 2 ಎಂಬಿಪಿಎಸ್ ಆಗುತ್ತೆ. ಅದೂ ಅಲ್ಲದೆ ನೀವು ಮಾಡ್ತಿರೋದು ಕಮರ್ಷಿಯಲ್ ಯೂಸ್.’ ಅಷ್ಟು ದಿನ ನನ್ನ ಲ್ಯಾಪ್‌ಟಾಪು, ನನ್ನ ವೈಫೈ, ಏರಿಯಾ ಮೇಂಟೆನೆನ್ಸ್ ಅಂತ ಹೇಳಿದ್ದೆಲ್ಲ ಏನು ಹಾಗಾದರೆ? ಕಾರಣ ಅವರ ಕಂಪ್ಯೂಟರಿನಲ್ಲಿ ಮೊದಲ ದಿನದಿಂದಲೇ ಕಾಣುತ್ತಿತ್ತು. ನನಗೆ ಕೋಪ ಬಂದಿದ್ದು ಮಿತಿ ಇಟ್ಟಿದ್ದಕ್ಕಲ್ಲ. ಮಿತಿ ಇದ್ದರೆ ಇದೆ ಅಂತ ಹೇಳಲಿ, ಬೇಕಾದವರು ತೊಗೊಳ್ಳುತ್ತಾರೆ. ಇಲ್ಲ ಅಂತ ಬರೆದುಕೊಟ್ಟು ದುಡ್ಡು ಇಸ್ಕೊಂಡು, ಆಮೇಲೆ ನನ್ನ ಮನೆಯ ಸಾಮಾನಿನ ಮೇಲೆ ತಪ್ಪು ಹೊರಿಸಿದರಲ್ಲ, ಅದು ಮೋಸ.

2 ಎಂಬಿಪಿಎಸ್ ಅಂದರೆ ಏನು ಅಂತ ಲೆಕ್ಕ ಹಾಕಿ ನೋಡಿ. ಎಂಬಿಪಿಎಸ್‌ನ ಅಳತೆ ‘ಬಿಟ್’ (bit), ಫೈಲಿನ ಅಳತೆ ‘ಬೈಟ್’ (byte). ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಬರುತ್ತದೆ. 2 ಎಂಬಿಪಿಎಸ್ ಆದರೆ ಕಾಲು ಎಂಬಿ. 40 ಜಿಬಿಯ ಮದುವೆ ಫೈಲನ್ನು 100ರಲ್ಲಿ ಒಂದು ಗಂಟೆಯೊಳಗೆ ಕಳಿಸಬಹುದು. 2ರಲ್ಲಿ 44 ಗಂಟೆ ಬೇಕು. ನಡುವೆ ಕರೆಂಟು ಹೋದರೆ ದೇವರೇ ಗತಿ. ಮದುಮಕ್ಕಳ ಮನೆಯವರು ಒಂದು ಕಡೆ ಫೋನ್ ಮಾಡುತ್ತಿದ್ದಾರೆ, ಸ್ಟುಡಿಯೋದವರು ಇನ್ನೊಂದು ಕಡೆ. ಕೊನೆಗೆ ಹಾರ್ಡ್ ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ನಾನೇ ಬೆಂಗಳೂರಿನ ಬಸ್ ಹತ್ತಿದೆ. ಆ ಸೀಸನ್ನಿನಲ್ಲಿ ಒಂದು ಸ್ಟುಡಿಯೋದ ಕೆಲಸ ಕೈತಪ್ಪಿತು.

ನಾವು ವಿಡಿಯೋ ಎಡಿಟ್ ಮಾಡುವುದಿಲ್ಲ, ಇದು ನಮಗೆ ಬೇಡ ಅಂತ ಬಿಡಬೇಡಿ. ದಿನಕ್ಕೆ ನಾಲ್ಕು ಗಂಟೆ ಎಚ್‌ಡಿ ಸಿನಿಮಾ, ಸೀರಿಯಲ್ ನೋಡುವ ಮನೆಗೆ ತಿಂಗಳಿಗೆ ಸುಮಾರು 270 ಜಿಬಿ ಸಾಕು, ಅವರಿಗೆ ಮಿತಿ ಗೊತ್ತೇ ಆಗುವುದಿಲ್ಲ. ಆದರೆ ಸಿಸಿಟಿವಿ ನೋಡಿ. ವಿಡಿಯೋವನ್ನು ಸದಾ ಕ್ಲೌಡಿಗೆ ಕಳಿಸುತ್ತಲೇ ಇರುವ ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ಕಳಿಸಿದರೂ ದಿನಕ್ಕೆ 21 ಜಿಬಿ ದಾಟುತ್ತದೆ, ತಿಂಗಳಿಗೆ ಹತ್ತಿರ 650 ಜಿಬಿ. ಮನೆಯ ಸುತ್ತ ನಾಲ್ಕು ಹಾಕಿಸಿದರೆ ಎರಡೂವರೆ ಟಿಬಿ ದಾಟುತ್ತದೆ, ನೀವು ಮನೆಯಲ್ಲಿ ಇಲ್ಲದಿದ್ದರೂ! ಅಪ್‌ಲೋಡ್ ಲೆಕ್ಕಕ್ಕೆ ಬರುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಕಂಪನಿಯವರು ಹೋಗಿದ್ದು ಬಂದಿದ್ದು ಎರಡನ್ನೂ ಕೂಡಿಸಿದ್ದರು. ಹಲವು ಕಂಪನಿಗಳ ಅನ್‌ಲಿಮಿಟೆಡ್ ಪ್ಲಾನಿನ ಕೆಳಗೆ ಸಣ್ಣಕ್ಷರದಲ್ಲಿ 3.3 ಟಿಬಿ ಅಂತ ಇರುತ್ತದೆ. ಅದು ದೊಡ್ಡ ಮಿತಿ, ಒಪ್ಪುತ್ತೇನೆ. ಆದರೂ 100 ಎಂಬಿಪಿಎಸ್ ಲೈನು ಪೂರ್ತಿ ವೇಗದಲ್ಲಿ ಓಡಿದರೆ ಅದು 73 ಗಂಟೆಗೆ ಮುಗಿಯುತ್ತದೆ. ಹಾಗಿರುವಾಗ ಅದಕ್ಕೆ ಅನ್‌ಲಿಮಿಟೆಡ್ ಅಂತ ಯಾಕೆ ಹೆಸರಿಡಬೇಕು?

ಈಗ ನಿಯಮದ ವಿಷಯ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಕಸ್ಟಮರ್ ಕೇರಿನವರ ಹತ್ತಿರ ಅಷ್ಟು ಗಂಟಲು ಹರಿದುಕೊಳ್ಳಬೇಕಾಗಿರಲಿಲ್ಲ. ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2016ರಲ್ಲೇ ಎಲ್ಲ ಕಂಪನಿಗಳಿಗೆ ಆದೇಶ ಕೊಟ್ಟಿದೆ. ಫೇರ್ ಯೂಸೇಜ್ ಇರುವ ಪ್ಲಾನಾದರೆ ಮೂರು ಸಂಖ್ಯೆಗಳನ್ನು ಹೇಳಲೇಬೇಕು: ಮಿತಿ ಎಷ್ಟು, ಮಿತಿಯವರೆಗೆ ವೇಗ ಎಷ್ಟು, ಮಿತಿ ದಾಟಿದ ಮೇಲೆ ವೇಗ ಎಷ್ಟು. ಬಳಕೆ ಶೇ 50, ಶೇ 90, ಶೇ 100 ಮುಟ್ಟಿದಾಗ ಪ್ರತಿ ಸಲ ಮೆಸೇಜೋ ಇಮೇಲೋ ಕಳಿಸಬೇಕು. ನನಗೆ ಒಂದೂ ಬಂದಿರಲಿಲ್ಲ. ಆ್ಯಪಿನಲ್ಲಿ ಬಳಕೆ ಎಷ್ಟು ಅಂತ ನೋಡಲು ಹೋದರೆ ಅಲ್ಲಿ ಅಂಕಿಯ ಬದಲು ‘ಅನ್‌ಲಿಮಿಟೆಡ್’ ಅಂತಷ್ಟೇ ಇತ್ತು. 2016ರ ಆ ಆದೇಶದಲ್ಲಿ ಕನಿಷ್ಠ ವೇಗ ಅಂತ ಇಟ್ಟಿದ್ದು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2 ಎಂಬಿಪಿಎಸ್ ಆದರೂ ಇರಬೇಕು ಅಂತ ಮಾಡಿತು.

ಇನ್ನೊಂದು ಮಾತು. ಎಲ್ಲ ಡೇಟಾವನ್ನೂ ಒಂದೇ ಸಮ ನಿಧಾನ ಮಾಡುವುದು ಬೇರೆ, ಯಾವುದೋ ಒಂದು ಸೈಟನ್ನೋ ಆ್ಯಪನ್ನೋ ಮಾತ್ರ ಹಿಡಿದು ನಿಧಾನ ಮಾಡುವುದು ಬೇರೆ. ಎರಡನೆಯದಕ್ಕೆ ನಮ್ಮ ದೇಶದಲ್ಲಿ 2018ರ ನೆಟ್ ನ್ಯೂಟ್ರಾಲಿಟಿ ನಿಯಮದ ಪ್ರಕಾರ ಅವಕಾಶ ಇಲ್ಲ. ಒಂದೇ ಸೈಟು ಮಾತ್ರ ಎಳೆದಾಡುತ್ತಿದ್ದು, ವಿಪಿಎನ್ (ಯಾವ ಸೈಟು ನೋಡುತ್ತಿದ್ದೀರಿ ಅಂತ ಇಂಟರ್ನೆಟ್ ಕಂಪನಿಗೆ ಕಾಣದ ಹಾಗೆ ಮಾಡುವ ಆ್ಯಪ್) ಹಾಕಿದ ಕೂಡಲೇ ಪ್ರತಿ ಸಲ ಸರಿಹೋಗುತ್ತಿದ್ದರೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಾರಣ ಕೇಳಿ.

ದೂರು ಕೊಡುವುದಕ್ಕೂ ಒಂದು ಕ್ರಮ ಇದೆ. ಬರೀ ಫೋನಿನಲ್ಲಿ ಕೂಗಾಡಿದರೆ ಏನೂ ಆಗುವುದಿಲ್ಲ. ಪ್ರತಿ ಸಲ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಇಸ್ಕೊಳ್ಳಿ. ಕೊಡದಿದ್ದರೆ ಇಮೇಲ್ ಮಾಡಿ. ವೇಗ ಅಳೆಯುವಾಗ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ, ತಾರೀಕು, ಸಮಯ, ಸರ್ವರ್ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ವೈಫೈನಲ್ಲಿ ಅಳೆದದ್ದನ್ನು ಅವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ದೂರಿಗೆ ಸರಿಯಾದ ಉತ್ತರ ಬರದಿದ್ದರೆ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು. ಅದಕ್ಕೆ ಫೀಸಿಲ್ಲ. ವಿಳಾಸ ಅವರ ವೆಬ್‌ಸೈಟಿನಲ್ಲಿ ಎಲ್ಲೋ ತಳದಲ್ಲಿ ಇರುತ್ತದೆ, ಹುಡುಕಿ. ಟ್ರಾಯ್‌ಗೆ ನೇರ ಬರೆದು ಕಾಯಬೇಡಿ, ಅವರು ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಟೆಲಿಕಾಂ ತಕರಾರು ಅಲ್ಲಿಗೆ ಬರುವುದಿಲ್ಲ ಅಂತ ಕಂಪನಿಯವರು ಹಳೆಯ ವಾದ ಎತ್ತಬಹುದು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಉತ್ತರ ಕೊಟ್ಟಾಗಿದೆ, ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ಆನ್‌ಲೈನಿನಲ್ಲೂ ಹಾಕಬಹುದು.

ನನ್ನ ವಿಷಯದಲ್ಲಿ ಕೆಲಸಕ್ಕೆ ಬಂದಿದ್ದು ಆ ವಾಟ್ಸಾಪ್ ಮೆಸೇಜ್. ಅಪೀಲಿನ ಜೊತೆ ಅದನ್ನೂ ಪಾಂಪ್ಲೆಟ್ಟಿನ ಫೋಟೋವನ್ನೂ ಇಟ್ಟೆ. ಮೊದಲು ‘ಮುಂಗಡ ಕಟ್ಟಿದ್ದು ವಾಪಸ್ ಇಲ್ಲ’ ಅಂದವರು ಉಳಿದ ತಿಂಗಳುಗಳ ದುಡ್ಡು ವಾಪಸ್ ಹಾಕಿದರು. ಆದರೆ ಫ್ರೀ ಅಂದಿದ್ದ ಇನ್‌ಸ್ಟಲೇಷನ್ನಿಗೆ ಅಂತ ಅದರಲ್ಲೇ ಒಂದು ಮೊತ್ತ ಮುರಿದುಕೊಂಡಿದ್ದಾರೆ. ಅದಕ್ಕಾಗಿ ಈಗ ಆಯೋಗಕ್ಕೆ ಅರ್ಜಿ ಸಿದ್ಧ ಮಾಡುತ್ತಿದ್ದೇನೆ.

ಹಾಗಾಗಿ ಹೊಸದಾಗಿ ತೊಗೊಳ್ಳುವವರು ಮೊದಲು ಒಂದೇ ತಿಂಗಳಿಗೆ ಕಟ್ಟಿ, ಪೂರ್ತಿ ಬಿಲ್ ಅವಧಿ ಬಳಸಿ ನೋಡಿ. ಆ ಮೂರು ಸಂಖ್ಯೆಗಳನ್ನು ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಕೇಳಿ. ಅಪ್‌ಲೋಡ್ ಲೆಕ್ಕಕ್ಕೆ ಬರುತ್ತದೆಯಾ ಅಂತ ಕೇಳಿ. ಮನೆಯಿಂದ ಟ್ಯೂಷನ್, ಎಡಿಟಿಂಗ್, ಡಿಟಿಪಿ ಇಂಥದ್ದು ಮಾಡುವವರು ‘ಕಮರ್ಷಿಯಲ್ ಯೂಸ್’ ಅಂದರೆ ಅವರ ಪ್ರಕಾರ ಏನು ಅಂತ ಮುಂಚೆಯೇ ಬರೆಸಿಕೊಳ್ಳಿ. ಆಮೇಲೆ ಕನೆಕ್ಷನ್ ತೆಗೆಸುವಾಗ ರೂಟರನ್ನು ಸುಮ್ನೆ ಕೇಬಲ್ ಹುಡುಗನ ಕೈಗೆ ಕೊಟ್ಟು ಕಳಿಸಬೇಡಿ. ಸೀರಿಯಲ್ ನಂಬರ್ ಇರುವ ರಸೀದಿ ಇಸ್ಕೊಂಡು, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಬೀದಿಯಲ್ಲೇ ಒಬ್ಬರಿಗೆ, ವಾಪಸ್ ಕೊಟ್ಟ ರೂಟರಿಗೆ ದುಡ್ಡು ಕಟ್ಟಿ ಅಂತ ನೋಟಿಸ್ ಬಂದಿದೆ.